ಚದುರಂಗದ ಕಾಳು, ಮಳಖೇಡದ ಲೆಕ್ಕ

ಕೆಳಗಿನ ಸಂಖ್ಯೆಯನ್ನು ಒಮ್ಮೆ ಬಾಯಿಬಿಟ್ಟು ಓದಿರಿ.

18446744073709551615

ನಡುವೆ ಅಲ್ಪವಿರಾಮಗಳಿಲ್ಲ, ಬೇಕೆಂದೇ ಹಾಕಿಲ್ಲ. ಬಲಗಡೆಯಿಂದ ಬಿಡಿ, ಹತ್ತು, ನೂರು, ಸಾವಿರ ಎಂದು ಎಣಿಸುತ್ತ ಬಂದರೆ ಎಂಟನೆಯ ಸ್ಥಾನಕ್ಕೆ ಕೋಟಿ ಬರುತ್ತದೆ. ಅಲ್ಲಿಂದಾಚೆಗೆ ಇನ್ನೂ ಹನ್ನೆರಡು ಅಂಕಿಗಳಿವೆ. ನಮ್ಮಲ್ಲಿ ಬಹುಮಂದಿಯ ಬಾಯಿ ಅಲ್ಲಿಗೆ ಕಟ್ಟಿಹೋಗುತ್ತದೆ.

ಒಮ್ಮೆ ನರೋಣಾದಲ್ಲಿ ಹತ್ತನೇ ತರಗತಿಯ ಮಕ್ಕಳ ಮುಂದೆ ಈ ಸಂಖ್ಯೆಯನ್ನು ಕರಿಹಲಗೆಯ ಮೇಲೆ ಬರೆದಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಇದೆಲ್ಲ ನಮ್ಮಂಥವರಿಗಲ್ಲ ಬಿಡ್ರಿ" ಎಂದ. ಅವನ ತಂದೆ ಅಡತಿ ಅಂಗಡಿಯಲ್ಲಿ ತೊಗರಿ ತೂಗುವವರು. ನೂರಾರು ಚೀಲಗಳ ಲೆಕ್ಕವನ್ನು ಕಾಗದವಿಲ್ಲದೆ ಬಾಯಲ್ಲಿ ಹೇಳುವವರು. ಹುಡುಗ ಬೇಸರದಿಂದ ಹೇಳಿದ ಮಾತಲ್ಲ ಅದು, ನಂಬಿ ಹೇಳಿದ ಮಾತು. ನನಗೆ ಚುಚ್ಚಿದ್ದೂ ಅದೇ. ಅಂದು ತರಗತಿಯ ಗಂಟೆ ಹೊಡೆಯಿತು, ಉತ್ತರ ಕೊಡಲಾಗಲಿಲ್ಲ. ಈಗ ಕೊಡುತ್ತಿದ್ದೇನೆ.

ಈ ಸಂಖ್ಯೆಯ ಕಥೆ ನಿಮಗೆ ಗೊತ್ತಿರಬಹುದು. ಚದುರಂಗದ ಆಟವನ್ನು ಕಂಡುಹಿಡಿದ ಪಂಡಿತನಿಗೆ ಅರಸ "ಏನು ಬೇಕೋ ಕೇಳು" ಎಂದನಂತೆ. ಪಂಡಿತ ಕೇಳಿದ್ದು ಕಾಳು. ಮೊದಲನೆಯ ಮನೆಗೆ ಒಂದು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಪ್ರತಿ ಮನೆಗೂ ಇಮ್ಮಡಿ ಮಾಡುತ್ತ ಅರವತ್ತನಾಲ್ಕು ಮನೆ ತುಂಬಿಸಬೇಕು. ಇಷ್ಟೇನಾ ಎಂದು ಅರಸ ನಕ್ಕ. ಆಮೇಲೆ ನಗು ನಿಂತಿತು. ಅರವತ್ತನಾಲ್ಕು ಮನೆಗಳ ಕಾಳುಗಳ ಒಟ್ಟು ಮೊತ್ತವೇ ಮೇಲಿನ ಇಪ್ಪತ್ತು ಅಂಕಿಗಳ ಸಂಖ್ಯೆ.

ಕಥೆಯಲ್ಲಿ ಗೋದಿ ಇದೆ. ನಾವು ಜೋಳದ ನಾಡಿನವರು, ಬಿಳಿಜೋಳದಲ್ಲಿಯೇ ಲೆಕ್ಕ ಹಾಕೋಣ. ಸಾವಿರ ಕಾಳಿಗೆ 30 ಗ್ರಾಂ ಎಂದು ಹಿಡಿಯಿರಿ. ಎರಡು ಸಾಲು ಮುಗಿದು ಹದಿನಾರನೆಯ ಮನೆಗೆ ಬಂದಾಗ ಕಾಳು 32768. ತೂಕ ಒಂದು ಕಿಲೋಗೆ ತುಸು ಕಡಿಮೆ. ಮನೆಯಲ್ಲಿ ಅವ್ವ ಒಂದು ಹೊತ್ತಿನ ರೊಟ್ಟಿಗೆ ಹಿಟ್ಟು ತೆಗೆದುಕೊಳ್ಳುವಷ್ಟು. ಅರ್ಧ ಮಣೆ, ಅಂದರೆ ಮೂವತ್ತೆರಡು ಮನೆ ತುಂಬಿದಾಗ ಸುಮಾರು 129 ಟನ್, ಹತ್ತು ಟನ್ನಿನ ಹದಿಮೂರು ಲಾರಿ. ಇಷ್ಟನ್ನು ಯಾವ ಅರಸನೂ ಕೊಡಬಲ್ಲ. ಕಷ್ಟ ಇರುವುದು ಉಳಿದ ಅರ್ಧದಲ್ಲಿ. ಇಡೀ ಮಣೆ ತುಂಬಿದಾಗ ತೂಕ 55 ಸಾವಿರ ಕೋಟಿ ಟನ್ನನ್ನು ದಾಟುತ್ತದೆ. ಇಂದು ಇಡೀ ಜಗತ್ತು ವರ್ಷಕ್ಕೆ ಬೆಳೆಯುವ ಜೋಳ ಸುಮಾರು 6 ಕೋಟಿ ಟನ್. ಅಂದರೆ ಒಂಬತ್ತು ಸಾವಿರ ವರ್ಷ ಜಗತ್ತಿನ ಎಲ್ಲ ಹೊಲಗಳ ರಾಶಿಯನ್ನು ತಂದು ಸುರಿದರೂ ಆ ಪಂಡಿತನ ಬಾಕಿ ತೀರದು.

ಇದನ್ನು ನಂಬಲು ನಿಮಗೆ ಕಷ್ಟವಾದರೆ ನಾಚಿಕೆಪಡಬೇಕಾಗಿಲ್ಲ. ಹದಿಮೂರನೆಯ ಶತಮಾನದ ಪ್ರಸಿದ್ಧ ಚರಿತ್ರಕಾರ ಇಬ್ನ್ ಖಲ್ಲಿಕಾನ್ ಅವರಿಗೂ ಮೊದಲು ನಂಬಿಕೆ ಬಂದಿರಲಿಲ್ಲ. ಗಣ್ಯರ ಜೀವನಚರಿತ್ರೆಗಳ ತಮ್ಮ ದೊಡ್ಡ ಗ್ರಂಥದಲ್ಲಿ, ಶತರಂಜ್ ಆಟದ ಉಸ್ತಾದ್ ಅಸ್ಸೂಲಿಯ ವಿಷಯ ಬಂದಾಗ, ಅವರು ಈ ಕಥೆ ಹೇಳುತ್ತಾರೆ. ಪಂಡಿತನ ಹೆಸರು ಸಿಸ್ಸ ಬಿನ್ ದಾಹಿರ್, ಹಿಂದ್ ದೇಶದವನು, ಅರಸ ಶಿಹ್ರಾಮ್. ಅವರ ಸಂಶಯವನ್ನು ಪರಿಹರಿಸಿದವನು ಅಲೆಕ್ಸಾಂಡ್ರಿಯಾದ ಒಬ್ಬ ಲೆಕ್ಕಿಗ. ಅವನು ಮಾಡಿದ ಉಪಾಯ ನೋಡಿರಿ. ಹದಿನಾರನೆಯ ಮನೆಯ 32768 ಕಾಳುಗಳನ್ನು 'ಕದಹ್' ಎಂಬ ಒಂದು ಅಳತೆ ಎಂದು ಹಿಡಿದ. ಆಮೇಲೆ ಕಾಳು ಎಣಿಸುವುದನ್ನೇ ಬಿಟ್ಟ. ಇಪ್ಪತ್ತನೆಯ ಮನೆಗೆ ಹದಿನಾರು ಕದಹ್, ಅದು ಒಂದು 'ವೈಬ'. ಆರು ವೈಬಕ್ಕೆ ಒಂದು 'ಅರ್ದಬ್'. ನಲವತ್ತನೆಯ ಮನೆಗೆ 174762 ಅರ್ದಬ್ ಮತ್ತು ಮೇಲೆ ಮೂರರಲ್ಲಿ ಎರಡು ಪಾಲು. ಇದನ್ನು ಒಂದು ಉಗ್ರಾಣ ಎಂದು ಹಿಡಿದ. ಐವತ್ತನೆಯ ಮನೆಗೆ 1024 ಉಗ್ರಾಣ. ಇದನ್ನು ಒಂದು ಪಟ್ಟಣ ಎಂದ. ಅರವತ್ತನಾಲ್ಕನೆಯ ಮನೆಗೆ 16384 ಪಟ್ಟಣ! ಇಷ್ಟು ಪಟ್ಟಣಗಳು ಲೋಕದಲ್ಲಿ ಎಲ್ಲಿವೆ?

ಪಾವು, ಸೇರು, ಚೀಲ, ಹಗೇವು ಎಂದು ನಮ್ಮ ಹಿರಿಯರು ಮಾಡುತ್ತಿದ್ದ ಲೆಕ್ಕಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ. ಆ ಹುಡುಗನ ತಂದೆಯನ್ನು ಅಲೆಕ್ಸಾಂಡ್ರಿಯಾದಲ್ಲಿ ಕೂರಿಸಿದ್ದರೆ ಅವರೂ ಹೀಗೆಯೇ ಮಾಡುತ್ತಿದ್ದರು.

ಇಬ್ನ್ ಖಲ್ಲಿಕಾನ್ ಅವರಿಗಿಂತ ಮುನ್ನೂರು ವರ್ಷ ಹಿಂದೆಯೇ ಈ ಸಂಖ್ಯೆಯನ್ನು ತಮ್ಮ ಪುಸ್ತಕದಲ್ಲಿ ದಾಖಲಿಸಿದವರು ಅಲ್ ಮಸ್ಊದಿ. ಬಗ್ದಾದಿನಲ್ಲಿ ಹುಟ್ಟಿದ ಈ ಪ್ರವಾಸಿ 915-16ರ ಸುಮಾರಿಗೆ ನಮ್ಮ ಪಶ್ಚಿಮ ಕರಾವಳಿಗೆ ಬಂದಿದ್ದರು. ಹಿಂದ್ ದೇಶದವರಿಗೂ ಚದುರಂಗದ ಮನೆಗಳ ಇಮ್ಮಡಿ ಲೆಕ್ಕಕ್ಕೂ ಇರುವ ನಂಟನ್ನು ಅವರು ಬರೆದಿದ್ದಾರೆ. ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ, ಅದು ನಮ್ಮ ಜಿಲ್ಲೆಗೆ ಸಂಬಂಧಿಸಿದ್ದು. ಹಿಂದ್ ದೇಶದ ಅತಿ ದೊಡ್ಡ ಅರಸ 'ಬಲ್ಹರಾ', ಅವನ ರಾಜಧಾನಿ 'ಮಾನ್ಕೀರ್', ಅವನ ರಾಜ್ಯದಲ್ಲಿ ಮುಸಲ್ಮಾನರಿಗೆ ಗೌರವವಿದೆ, ಮಸೀದಿಗಳಿವೆ ಎಂದು ಅವರು ಹೇಳುತ್ತಾರೆ. ಅವರಿಗೂ ಮೊದಲು, 851ರಲ್ಲಿ, ಸುಲೈಮಾನ್ ಎಂಬ ವ್ಯಾಪಾರಿಯ ಹೆಸರಿನಲ್ಲಿ ಬಂದ ವೃತ್ತಾಂತವು ಲೋಕದ ನಾಲ್ವರು ಮಹಾರಾಜರನ್ನು ಎಣಿಸುತ್ತದೆ: ಅರಬರ ಖಲೀಫ, ಚೀನದ ಅರಸ, ರೂಮಿನ ಅರಸ, ನಾಲ್ಕನೆಯವನು ಬಲ್ಹರಾ.

ಬಲ್ಹರಾ ಎಂದರೆ ವಲ್ಲಭರಾಜ, ರಾಷ್ಟ್ರಕೂಟರ ಬಿರುದು. ಮಾನ್ಕೀರ್ ಎಂದರೆ ಮಾನ್ಯಖೇಟ. ಅಂದರೆ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯಲ್ಲಿರುವ ನಮ್ಮ ಮಳಖೇಡ. ಕಲಬುರಗಿಯಿಂದ ಸೇಡಂ ಬಸ್ಸು ಹತ್ತಿದವರೆಲ್ಲ ಅದನ್ನು ದಾಟಿ ಹೋಗಿದ್ದಾರೆ. ಕಿಟಕಿಯಿಂದ ಕೋಟೆಯ ಕಡೆ ಕತ್ತು ಹೊರಳಿಸಿದವರು ಎಷ್ಟು ಮಂದಿಯೋ!

851ರಲ್ಲಿ ಮಳಖೇಡದ ಗದ್ದುಗೆಯ ಮೇಲಿದ್ದವನು ಅಮೋಘವರ್ಷ ನೃಪತುಂಗ. 'ಕವಿರಾಜಮಾರ್ಗ'ದ ಹೆಸರಿನೊಂದಿಗೆ ನೀವು ಓದಿರುವ ಅರಸ ಇವನೇ. ಅವನ ಆಳ್ವಿಕೆಯಲ್ಲಿಯೇ ಜೈನ ಪಂಡಿತ ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ಬರೆದ. ಪುಸ್ತಕದ ಆರಂಭದಲ್ಲಿಯೇ ನೃಪತುಂಗನ ಸ್ತುತಿ ಇದೆ. ಗಣಿತ ಎಲ್ಲೆಲ್ಲಿ ಬೇಕು ಎಂದು ಹೇಳುವಾಗ ಮಹಾವೀರ ಸಂಗೀತ, ನೃತ್ಯ, ವೈದ್ಯ, ಕಟ್ಟಡ ಕೆಲಸದ ಜೊತೆಗೆ ಅಡುಗೆಯನ್ನೂ ಸೇರಿಸುತ್ತಾನೆ. ನನಗೆ ಈ ಮನುಷ್ಯ ಇಷ್ಟವಾಗುವುದು ಅದಕ್ಕೇ.

ಈ ಪುಸ್ತಕದಲ್ಲಿ ಸ್ಥಾನಗಳ ಹೆಸರುಗಳ ಒಂದು ಪಟ್ಟಿ ಇದೆ. ಕೋಟಿಗೆ ನಿಲ್ಲುವ ನಮ್ಮ ಬಾಯಿಗೆ ಅದೇ ಮದ್ದು. ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ, ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ. ಒಟ್ಟು ಇಪ್ಪತ್ತನಾಲ್ಕು. ಈಗ ನಮ್ಮ ಸಂಖ್ಯೆಯನ್ನು ಎಡದಿಂದ ಓದೋಣ: ಒಂದು ಮಹಾಶಂಖ, ಎಂಟು ಶಂಖ, ನಾಲ್ಕು ಮಹಾಕ್ಷೋಣಿ, ನಾಲ್ಕು ಕ್ಷೋಣಿ, ಆರು ಮಹಾಪದ್ಮ, ಏಳು ಪದ್ಮ, ನಾಲ್ಕು ಮಹಾಖರ್ವ, ನಾಲ್ಕು ಖರ್ವ, ನ್ಯರ್ಬುದದ ಸ್ಥಾನದಲ್ಲಿ ಸೊನ್ನೆ, ಏಳು ಅರ್ಬುದ, ಮೂರು ಶತಕೋಟಿ, ಏಳು ದಶಕೋಟಿ, ಕೋಟಿಯ ಸ್ಥಾನದಲ್ಲಿ ಸೊನ್ನೆ, ಒಂಬತ್ತು ದಶಲಕ್ಷ, ಐದು ಲಕ್ಷ, ಐವತ್ತೊಂದು ಸಾವಿರದ ಆರುನೂರ ಹದಿನೈದು. ಇಡೀ ಸಂಖ್ಯೆ ಮಳಖೇಡದ ಪಟ್ಟಿಯೊಳಗೆ ಕುಳಿತುಕೊಂಡಿತು, ಇನ್ನೂ ನಾಲ್ಕು ಹೆಸರು ಮಿಕ್ಕವು.

ಇದರ ಬೆಲೆಯನ್ನು ಸರಿಯಾಗಿ ಅರಿತವರು ಅಲ್ ಬೀರೂನಿ (973-ಸುಮಾರು 1050). ಸ್ಥಾನಗಳ ಹೆಸರನ್ನು ತಾವು ಹಲವು ಭಾಷೆಗಳವರಲ್ಲಿ ವಿಚಾರಿಸಿದ್ದಾಗಿಯೂ, ಅರಬರೂ ಸೇರಿದಂತೆ ಎಲ್ಲರೂ ಸಾವಿರಕ್ಕೆ ನಿಲ್ಲುತ್ತಾರೆಂದೂ, ಅದನ್ನು ದಾಟಿ ಹೋಗುವವರು ಹಿಂದ್ ದೇಶದವರು ಮಾತ್ರ ಎಂದೂ ಅವರು 1030ರ ಸುಮಾರಿನ ತಮ್ಮ ಹಿಂದ್ ಗ್ರಂಥದಲ್ಲಿ ಬರೆದರು. ಅವರು ಕೊಟ್ಟ ಪಟ್ಟಿ ಹದಿನೆಂಟು ಸ್ಥಾನಗಳದು. ಮದರಸಾದಲ್ಲಿ ಅರಬ್ಬಿ ಕಲಿತವರಿಗೆ ಗೊತ್ತು: 'ಅಲ್ಫ್' ಎಂದರೆ ಸಾವಿರ, ಹಳೆಯ ಅರಬ್ಬಿಯಲ್ಲಿ ಅದರಾಚೆಗೆ 'ಅಲ್ಫ್ ಅಲ್ಫ್', ಸಾವಿರ ಸಾವಿರ, ಎಂದೇ ಹೇಳಬೇಕಿತ್ತು.

ಹೆಸರಿಟ್ಟರೆ ಸಾಕೇ, ಲೆಕ್ಕ ಮಾಡುವುದು ಬೇಡವೇ? ಅದಕ್ಕೆ ಬರೋಣ.

ಮೊದಲು ಒಂದು ಗುಟ್ಟು. ಒಂದು, ಎರಡು, ನಾಲ್ಕು, ಎಂಟು ಎಂದು ಕೂಡುತ್ತ ಹೋಗಿ. ಯಾವ ಮನೆಯಲ್ಲಿ ನಿಂತರೂ ಅಲ್ಲಿಯವರೆಗಿನ ಮೊತ್ತ ಮುಂದಿನ ಮನೆಯ ಕಾಳಿಗಿಂತ ಸರಿಯಾಗಿ ಒಂದು ಕಡಿಮೆ. 1+2+4 ಎಂದರೆ 7, ಮುಂದಿನ ಮನೆ 8. ಆದ್ದರಿಂದ ಅರವತ್ತನಾಲ್ಕು ಮನೆಗಳ ಮೊತ್ತ ಬೇಕಾದರೆ, ಇಲ್ಲದ ಅರವತ್ತೈದನೆಯ ಮನೆಯನ್ನು ಲೆಕ್ಕ ಹಾಕಿ ಒಂದು ಕಳೆದರೆ ಆಯಿತು. ಅಂದರೆ ಎರಡನ್ನು ಅರವತ್ತನಾಲ್ಕು ಸಲ ಗುಣಿಸಬೇಕು. ಅಷ್ಟು ಸಲ ಗುಣಿಸಲು ಯಾರಿಗೆ ತಾಳ್ಮೆ ಇದೆ?

ಮಹಾವೀರನ ಸೂತ್ರ ಇಲ್ಲಿ ಕೈಹಿಡಿಯುತ್ತದೆ. ಪದಗಳ ಸಂಖ್ಯೆ ಸಮವಾಗಿದ್ದರೆ ಅರ್ಧ ಮಾಡಿ ಸೊನ್ನೆ ಬರೆ. ಬೆಸವಾಗಿದ್ದರೆ ಒಂದು ಕಳೆದು ಒಂದು ಬರೆ. ಆಮೇಲೆ ಕೆಳಗಿನಿಂದ ಮೇಲಕ್ಕೆ ಬಾ: ಒಂದು ಇದ್ದಲ್ಲಿ ಗುಣಿಸು, ಸೊನ್ನೆ ಇದ್ದಲ್ಲಿ ವರ್ಗ ಮಾಡು. 64ನ್ನು ಅರ್ಧ ಮಾಡುತ್ತ ಹೋದರೆ 32, 16, 8, 4, 2, 1. ಆರು ಸೊನ್ನೆ, ಕೊನೆಗೆ ಒಂದು ಒಂದು. ಈಗ ಮೇಲಕ್ಕೆ ಬನ್ನಿ: 2, ಅದರ ವರ್ಗ 4, ಅದರ ವರ್ಗ 16, ಆಮೇಲೆ 256, ಆಮೇಲೆ 65536, ಆಮೇಲೆ 4294967296, ಕೊನೆಗೆ 18446744073709551616. ಆರೇ ವರ್ಗಗಳು! ಒಂದು ಕಳೆದರೆ ನಮ್ಮ ಸಂಖ್ಯೆ. ಈ ಉಪಾಯದ ಬೇರು ಇನ್ನೂ ಹಳೆಯದು, ಛಂದಸ್ಸಿನ ಲಘು ಗುರುಗಳನ್ನು ಎಣಿಸಲು ಪಿಂಗಳ ಇದನ್ನು ಬಳಸಿದ್ದ. ಮಹಾವೀರ ಅದನ್ನು ವ್ಯಾಪಾರಿಯ ಲೆಕ್ಕಕ್ಕೆ ತಂದ. ಅವನ ಉದಾಹರಣೆಯಲ್ಲಿ ಚದುರಂಗವಿಲ್ಲ; ಊರಿಂದೂರಿಗೆ ಹೋಗುವ ಒಬ್ಬ ಮನುಷ್ಯನಿದ್ದಾನೆ. ಮೊದಲ ಊರಿನಲ್ಲಿ ಎರಡು ಹೊನ್ನು ಸಿಕ್ಕಿತು, ಮುಂದೆ ಪ್ರತಿ ಊರಿನಲ್ಲೂ ಹಿಂದಿನದರ ಮೂರರಷ್ಟು. ಎಂಟನೆಯ ಊರಿನಲ್ಲಿ ಎಷ್ಟು? ಇದನ್ನು ನೀವೇ ಮಾಡಿರಿ, 4374 ಬರಬೇಕು.

ಮಹಾವೀರನಾದ ಸುಮಾರು ನೂರೈವತ್ತು ವರ್ಷಗಳ ಮೇಲೆ, ಸಾವಿರದ ಇಸವಿಯ ಆಸುಪಾಸಿನಲ್ಲಿ, ಅಲ್ ಬೀರೂನಿಯವರು ಪ್ರಾಚೀನ ಜನಾಂಗಗಳ ಕಾಲಗಣನೆಯ ಬಗ್ಗೆ ಬರೆದ ಗ್ರಂಥದಲ್ಲಿ ಚದುರಂಗದ ಇದೇ ಮೊತ್ತವನ್ನು ಲೆಕ್ಕ ಹಾಕಿ ತೋರಿಸಿದರು. ಅವರೂ ನಡೆದದ್ದು ವರ್ಗದ ಮೇಲೆ ವರ್ಗ ಎಂಬ ದಾರಿಯಲ್ಲಿಯೇ. ಮಳಖೇಡದ ಪುಸ್ತಕ ಅವರ ಕೈಗೆ ಹೋಗಿತ್ತು ಎಂದು ನಾನು ಹೇಳುತ್ತಿಲ್ಲ. ಇಲ್ಲಿಂದ ಅಲ್ಲಿಗೆ ಹೋದದ್ದು ಅದಕ್ಕಿಂತ ದೊಡ್ಡದು: ಒಂಬತ್ತು ಅಂಕಿ, ಒಂದು ಸೊನ್ನೆ, ಸ್ಥಾನಕ್ಕೆ ತಕ್ಕ ಬೆಲೆ. ಒಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಗ್ದಾದಿನ ಅಲ್ ಖ್ವಾರಿಜ್ಮಿ ಹಿಂದ್ ಲೆಕ್ಕದ ಮೇಲೆಯೇ ಪುಸ್ತಕ ಬರೆದರು. ಅದು ಲ್ಯಾಟಿನ್ನಿಗೆ ಹೋಗಿ, ಅವರ ಹೆಸರೇ ಇಂದು ಕಂಪ್ಯೂಟರಿನವರ ಬಾಯಲ್ಲಿ 'ಅಲ್ಗಾರಿದಮ್' ಆಗಿದೆ. ಅರಬರು ಇಂದಿಗೂ ತಮ್ಮ ಅಂಕಿಗಳನ್ನು 'ಅರ್ಕಾಮ್ ಹಿಂದಿಯ್ಯ', ಹಿಂದ್ ದೇಶದ ಅಂಕಿಗಳು, ಎನ್ನುತ್ತಾರೆ. ಯುರೋಪಿನವರು ಅವನ್ನು ಅರಬ್ಬಿ ಅಂಕಿಗಳು ಎನ್ನುತ್ತಾರೆ. ಯಾರಿಂದ ಪಡೆದರೋ ಅವರ ಹೆಸರು ಹೇಳುವುದು ಹಳೆಯ ಲೆಕ್ಕಿಗರ ಮರ್ಯಾದೆ. ಎಲ್ಲವೂ ನಮ್ಮಿಂದಲೇ ಹೋಯಿತು ಎಂದು ಒಂದು ಕಡೆಯವರೂ, ಎಲ್ಲವನ್ನೂ ನಮ್ಮವರೇ ಕೊಟ್ಟರು ಎಂದು ಇನ್ನೊಂದು ಕಡೆಯವರೂ ಕಳಿಸುವ ಮೊಬೈಲ್ ಸಂದೇಶಗಳಲ್ಲಿ ಈ ಮರ್ಯಾದೆ ಕಾಣುವುದಿಲ್ಲ.

ನಾನು ಶಾಲೆಯಲ್ಲಿ ಓದುವಾಗ ರಾಷ್ಟ್ರಕೂಟರು ಒಂದು ಪಾಠ, ಅಬ್ಬಾಸಿ ಖಲೀಫರು ಇನ್ನೊಂದು ಪಾಠ. ಅಮೋಘವರ್ಷನೂ ಖಲೀಫ ಮಾಮೂನನೂ ಒಂದೇ ಕಾಲದಲ್ಲಿ ಆಳಿದವರು ಎಂದು ಯಾರೂ ಹೇಳಿಕೊಡಲಿಲ್ಲ. 814ರಿಂದ 833ರವರೆಗೆ ಒಬ್ಬ ಮಳಖೇಡದಲ್ಲಿ, ಇನ್ನೊಬ್ಬ ಖಿಲಾಫತ್ತಿನ ಗದ್ದುಗೆಯಲ್ಲಿ. ನಡುವಿನ ಸಮುದ್ರದಲ್ಲಿ ಹಡಗುಗಳು ಓಡಾಡುತ್ತಿದ್ದವು.

ಇನ್ನು ಈ ಸಂಖ್ಯೆಯ ಒಳಗೆ ಇಣುಕೋಣ. ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೂ ತಿಳಿಯುವುದು ಹೇಗೆ? 952-53ರಲ್ಲಿ ಡಮಾಸ್ಕಸ್‌ನಲ್ಲಿ ಹಿಂದ್ ಲೆಕ್ಕದ ಬಗ್ಗೆ ಪುಸ್ತಕ ಬರೆದ ಅಲ್ ಉಕ್ಲೀದಿಸಿ ಮುಂತಾದವರು ಒಂಬತ್ತನ್ನು ತೆಗೆದುಹಾಕುವ ತಾಳೆಯನ್ನು ಹೇಳಿಕೊಟ್ಟರು. ಅಂಕಿಗಳನ್ನೆಲ್ಲ ಕೂಡಿರಿ: 87 ಬರುತ್ತದೆ. 8+7 ಎಂದರೆ 15, 1+5 ಎಂದರೆ 6. ಈಗ ವರ್ಗಗಳ ಸಾಲನ್ನು ಹೀಗೆಯೇ ನೋಡಿರಿ: 4ಕ್ಕೆ 4, 16ಕ್ಕೆ 7, 256ಕ್ಕೆ 4, 65536ಕ್ಕೆ 7, ಮುಂದಿನದಕ್ಕೆ 4, ಕೊನೆಯದಕ್ಕೆ 7. ಅದರಿಂದ ಒಂದು ಕಳೆದರೆ 6. ತಾಳೆಯಾಯಿತು. ಎರಡು ಅಂಕಿಗಳು ಹಿಂದುಮುಂದಾದರೆ ಈ ತಾಳೆಗೆ ಸಿಗುವುದಿಲ್ಲ, ಅದು ನೆನಪಿರಲಿ.

ಇನ್ನೊಂದು ಗುಣ ಇನ್ನೂ ಚೆಂದ. ಯಾವುದೇ ಸಂಖ್ಯೆಯ ವರ್ಗದಿಂದ ಒಂದು ಕಳೆದರೆ, ಅದು ಆ ಸಂಖ್ಯೆಗಿಂತ ಒಂದು ಹೆಚ್ಚು ಮತ್ತು ಒಂದು ಕಡಿಮೆ ಇರುವ ಎರಡು ಸಂಖ್ಯೆಗಳ ಗುಣಲಬ್ಧ. ಒಂಬತ್ತನೇ ತರಗತಿಯ ಸೂತ್ರವೇ ಇದು. ಹಾಗಾಗಿ ನಮ್ಮ ಸಂಖ್ಯೆ 4294967297 ಗುಣಿಸು 4294967295. ಎರಡನೆಯದನ್ನು ಮತ್ತೆ ಒಡೆಯಬಹುದು: 65537 ಗುಣಿಸು 65535. ಹೀಗೆ ಒಡೆಯುತ್ತ ಹೋದರೆ ಸಿಗುವ ಸಾಲು 3, 5, 17, 257, 65537, 4294967297. ಮೊದಲ ಐದೂ ಅವಿಭಾಜ್ಯಗಳು. ಆರನೆಯದು? ಹದಿನೇಳನೆಯ ಶತಮಾನದ ಫ್ರಾನ್ಸಿನ ಫರ್ಮಾ ಅದೂ ಅವಿಭಾಜ್ಯವೇ, ಮುಂದಿನವೂ ಹಾಗೆಯೇ ಎಂದು ನಂಬಿದ್ದ. ಎಂಥ ಬುದ್ಧಿವಂತನ ನಂಬಿಕೆಯಾದರೂ ಲೆಕ್ಕ ಅದಕ್ಕೆ ತಲೆಬಾಗುವುದಿಲ್ಲ. 1732ರಲ್ಲಿ ಆಯ್ಲರ್ ಅದನ್ನು ಒಡೆದು ತೋರಿಸಿದ: 641 ಗುಣಿಸು 6700417. ಹೀಗೆ ಚದುರಂಗದ ಸಂಖ್ಯೆಗೆ ಒಟ್ಟು ಏಳು ಅವಿಭಾಜ್ಯ ಅಪವರ್ತನಗಳು, ಯಾವುದೂ ಎರಡು ಸಲ ಬರುವುದಿಲ್ಲ. ಆದ್ದರಿಂದ ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಸರಿಯಾಗಿ 128. ಏಕೆ ಎಂದು ಯೋಚಿಸಿರಿ. ಅಲ್ಲಿಯೂ ಇಮ್ಮಡಿಯೇ ಇದೆ. ಇಂದಿನ 64 ಬಿಟ್ಟಿನ ಕಂಪ್ಯೂಟರು ಒಂದು ಮನೆಯಲ್ಲಿ ಇಡಬಲ್ಲ ಅತಿ ದೊಡ್ಡ ಪೂರ್ಣಸಂಖ್ಯೆಯೂ ಇದೇ. ನಿಮ್ಮ ಜೇಬಿನ ಫೋನು ಚದುರಂಗದ ಮಣೆಯನ್ನೇ ಹೊತ್ತುಕೊಂಡಿದೆ.

ತಪ್ಪುವುದು ಫರ್ಮಾ ಒಬ್ಬನೇ ಅಲ್ಲ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂದು ಮಹಾವೀರ ಬರೆದ, ಅದು ತಪ್ಪು. ಅದೇ ಮಹಾವೀರ ಋಣಸಂಖ್ಯೆಗೆ ವರ್ಗಮೂಲ ಇರುವುದಿಲ್ಲ ಎಂದು ಸ್ಪಷ್ಟವಾಗಿ ಗುರುತಿಸಿದ. ಪರೀಕ್ಷೆಯಲ್ಲಿ ಒಂದು ತಪ್ಪು ಮಾಡಿ ಪುಸ್ತಕ ಮುಚ್ಚುವ ಮಕ್ಕಳಿಗೆ ನಾನು ಈ ಎರಡನ್ನೂ ಒಟ್ಟಿಗೆ ಹೇಳುತ್ತೇನೆ.

ನಮ್ಮ ಜಿಲ್ಲೆಯ ಗಣಿತದ ಚರಿತ್ರೆ ಮಳಖೇಡಕ್ಕೆ ಮುಗಿಯಲಿಲ್ಲ. ಐದೂವರೆ ಶತಮಾನಗಳ ನಂತರ ಕಲಬುರಗಿಯಿಂದ ಆಳಿದ ಫಿರೋಜ್ ಶಾಹ್ ಬಹಮನಿ (1397-1422) 1407ರಲ್ಲಿ ದೌಲತಾಬಾದಿನ ಬಳಿ ವೀಕ್ಷಣಾಲಯ ಕಟ್ಟಿಸಲು ತೊಡಗಿದ. ಖಗೋಳಜ್ಞ ಹಕೀಮ್ ಹಸನ್ ಗೀಲಾನಿಯ ಮರಣದಿಂದ ಕೆಲಸ ನಿಂತಿತು. ಅದರ ಕಥೆ ಬೇರೆ ಲೇಖನಕ್ಕೆ ಆಗುವಷ್ಟಿದೆ.

ಮಹಾವೀರನ ಪುಸ್ತಕ ಮಾತ್ರ ತಾಳೆಗರಿಗಳಲ್ಲಿ ಉಳಿದುಬಂತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು. ಅವರು ನೋಡಿದ ಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. 2000ರಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದ ಜೈನ ಮಠದಿಂದ ಹೊರಬಂತು. ನಮ್ಮ ಸಂಸ್ಥೆಯ ಗ್ರಂಥಾಲಯಗಳಲ್ಲಿ ಅದರ ಒಂದು ಪ್ರತಿ ಇರಬೇಕು ಎಂದು ಸದಸ್ಯರಲ್ಲಿ ನನ್ನ ವಿನಂತಿ.

ಆ ಪುಸ್ತಕದಿಂದ ಒಂದು ಲೆಕ್ಕ ಕೊಟ್ಟು ನಿಲ್ಲಿಸುತ್ತೇನೆ. ಗುಣಾಕಾರದ ಅಭ್ಯಾಸಕ್ಕೆ ಮಹಾವೀರ ಕೆಲವು ಸಂಖ್ಯೆಗಳನ್ನು ಹೆಣೆದಿದ್ದಾನೆ. ಉತ್ತರ ಹಾರದಂತೆ ಬರುತ್ತದೆ, ಯಾವ ತುದಿಯಿಂದ ಓದಿದರೂ ಒಂದೇ. 12345679ನ್ನು 9ರಿಂದ ಗುಣಿಸಿ ನೋಡಿರಿ. ಅದು ಸುಲಭವೆನಿಸಿದರೆ 27994681ನ್ನು 441ರಿಂದ ಗುಣಿಸಿರಿ. ಫೋನು ಬೇಡ, ಪೆನ್ಸಿಲ್ ಹಿಡಿಯಿರಿ. ಹನ್ನೊಂದು ಅಂಕಿಗಳ ಉತ್ತರ ಬರಬೇಕು: ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುತ್ತದೆ. ಹಿಂದಿನ ಬೆಂಚಿನವರು ಮೊದಲು ಮಾಡಿ ತೋರಿಸಿರಿ.